ಸಮನಾಮ ಬಳಗದ ಅಧ್ಯಕ್ಷರು

ಆ ಬೆಳಗ್ಗೆಯೂ ಎಂದಿನಂತೆ ಎದ್ದು, ನಲ್ಲಿಯಲ್ಲಿ ನೀರು ಬರುವಷ್ಟರಲ್ಲಿ ಬಿಂದಿಗೆಗಳನ್ನು ಹುಣಸೆಹಣ್ಣು ಹಾಕಿ ಬೆಳಗಿಟ್ಟೆ. ಬಾಗಿಲಿಗೆ ನೀರು ಹಾಕಿ ನಾಲ್ಕೆಳೆ ರಂಗೋಲಿ ಎಳೆದೆ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟೆ. ಮಧುಗಿರಿಯಲ್ಲಿ ಬೆಟ್ಟದ ಬಂಡೆ ಕಾಯುವ ಮೊದಲು ಅಡಿಗೆ ಮುಗಿಸಿಕೊಂಡರೆ ಬದುಕಿದೆವು. ಆಮೇಲೆ ಒಲೆಯ ಬಿಸಿ ಯಾವುದು, ಬೆಟ್ಟದ ಬಿಸಿ ಯಾವುದು ತಿಳಿಯುವುದಿಲ್ಲ. ಯಜಮಾನರ ಡಬ್ಬಿಗೆ ಚಿತ್ರಾನ್ನ ಕಲಸುತ್ತಿದ್ದಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಬಾಯಿಗೆ ಹಾಕಿ ನೋಡಿದೆ. ಉಪ್ಪು ಸರಿಯಿತ್ತು, ಹುಳಿಯೂ ಸರಿಯಿತ್ತು. ಆಮೇಲೆ ಹೊಳೆಯಿತು, ಪಕ್ಕದ ಮನೆಯ ಕೂಗು ಕೇಳಿಸಿರಲಿಲ್ಲ.

ಪಕ್ಕದ ಮನೆಯವರು ಬೆಳಗಿನ ಕಾಫಿಗೆ ಹೆಂಡತಿಯನ್ನು ಕರೆಯುವುದು ಇಡೀ ಬೀದಿಗೆ ಗಡಿಯಾರವಿದ್ದಂತೆ. "ವಿಮಲಾ... ವಿಮಲಾ... ವಿಮಲಾ." ಮೂರು ಸಲ, ಒಂದೇ ಸ್ವರದಲ್ಲಿ, ನಡುವೆ ಒಂದು ಉಸಿರಿನಷ್ಟು ಬಿಡುವು. ಕೋರ್ಟಿನ ಜಗಲಿಯಲ್ಲಿ ಕಕ್ಷಿದಾರರನ್ನು ಕೂಗುವ ಹಾಗೆ. ಅವರು ಕೋರ್ಟಿನಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮೂರನೆಯ ಕೂಗಿಗೂ ಬಾರದಿದ್ದರೆ ಗೈರುಹಾಜರಿ ಎಂದು ಬರೆದುಕೊಳ್ಳುವುದು ಅಲ್ಲಿನ ಕ್ರಮ. ಇಲ್ಲಿ ವಿಮಲಮ್ಮ ಕೈಗೆ ಮೆತ್ತಿದ ಹಿಟ್ಟಿನ ಸಮೇತ ಓಡಿಬರುತ್ತಿದ್ದರು. ಎಂದಾದರೂ ತಡವಾದರೆ ಆತ ಕಾಫಿ ಮುಟ್ಟುತ್ತಿರಲಿಲ್ಲ. ಮುಟ್ಟಲಿಲ್ಲ ಎಂಬುದನ್ನು ಸಂಜೆಯವರೆಗೆ ಬೀದಿಯಲ್ಲಿ ಹೋಗಿಬರುವವರಿಗೆಲ್ಲ ಕರೆದು ಹೇಳುತ್ತಿದ್ದರು.

ಎದುರು ಮನೆಯ ಜಯಮ್ಮ ಗೇಟು ತಳ್ಳಿಕೊಂಡು ಬಂದರು. ಕೈಯಲ್ಲಿ ಇನ್ನೂ ಪೊರಕೆ ಇತ್ತು.

"ಮೀರಮ್ಮಾ, ಶಿರಸ್ತೇದಾರ್ರು ವೋದ್ರು ಕಣಮ್ಮ. ಮಲ್ಗಿದ್ದೋರು ಏಳ್ಲೇ ಇಲ್ವಂತೆ. ಪುಣ್ಯಾತ್ಮ, ಯಾರ್ಗೂ ತೊಂದ್ರೆ ಕೊಡ್ದಂಗೆ ವೋದ್ರು."

ಹೋಗುವಾಗ ತೊಂದರೆ ಕೊಡಲಿಲ್ಲ ಎನ್ನುವುದು ನಿಜವೇ. ಇದ್ದಾಗಿನ ಮಾತು ಬೇರೆ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂದು ತುಮಕೂರಿನ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಕಲಿಸಿದ್ದರು. ಸುಳ್ಳು ಹೇಳಬಾರದು ಎಂದೂ ಅವರೇ ಕಲಿಸಿದ್ದರು. ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆಂದು ಕೇಳುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ. ಹಾಗಾಗಿ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಅದು ಎಷ್ಟು ಸಾಮಾನ್ಯವಾದ ಹೆಸರೆಂದರೆ, ಬರೆದರೆ ಇದನ್ನು ಓದುವವರಲ್ಲಿ ನಾಲ್ಕಾರು ಜನವಾದರೂ "ಅರೆ, ನನ್ನದೂ ಇದೇ" ಎಂದು ಮುಖ ಅರಳಿಸಿಯಾರು. ಹಾಗೆ ಯಾರಾದರೂ ಮುಖ ಅರಳಿಸಿದರೆ ಅವರ ಆತ್ಮಕ್ಕೆ ತೃಪ್ತಿಯಾದೀತು. ಆ ತೃಪ್ತಿ ಕೊಡಲು ನನಗೆ ಮನಸ್ಸಿಲ್ಲ.

ನಾವು ಈ ಬೀದಿಗೆ ಬಂದು ಹಾಲು ಉಕ್ಕಿಸಿದ ದಿನ ಅವರು ನಮ್ಮ ಮನೆಗೆ ಬಂದಿದ್ದರು. ಗರಿಗರಿ ಬಿಳಿ ಅಂಗಿ, ಹಣೆಯ ಮೇಲೆ ಅಳೆದು ಎಳೆದಂಥ ವಿಭೂತಿ, ಬಲಗೈಯ ಕಿರುಬೆರಳಿನಲ್ಲಿ ಉದ್ದಕ್ಕೆ ಬಿಟ್ಟ ಉಗುರು. ಕುರ್ಚಿಯಲ್ಲಿ ಕೂತವರೇ ನನ್ನನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿದ ಹಾಗೆ ಕೇಳಿದರು.

"ತಮ್ಮ ಹೆಸರು?"

"ಮೀರಾ, ಅಂಕಲ್."

"ಇಟಲಿಯಲ್ಲಿ, ವೆನಿಸ್ ನಗರದ ಪಕ್ಕದಲ್ಲಿ, ಮೀರಾ ಅಂತ ಒಂದು ಊರಿದೆ. ಪೋರ್ಚುಗಲ್ಲಿನಲ್ಲೂ ಒಂದಿದೆ. ತಮಗೆ ಗೊತ್ತಿತ್ತೋ?"

ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಎರಡು ದಿನ ಖುಷಿಯಾಗಿದ್ದೆ. ನಾನು ಕಾಣದ ಯಾವುದೋ ಊರಿನ ಬಸ್ಸಿನ ಹಣೆಯ ಮೇಲೆ ನನ್ನ ಹೆಸರು ಓಡಾಡುತ್ತಿದೆಯಲ್ಲ ಎಂದು. ಆಮೇಲೆ ಗಮನಿಸಿದೆ, ಅವರು ನನ್ನನ್ನು ಒಂದು ಸಲವೂ ಮೀರಾ ಎಂದು ಕರೆಯಲಿಲ್ಲ. ಅಂದಿನಿಂದ ನಾನು "ಇಟಲಿಯಮ್ಮ". ಕಾಂಪೌಂಡಿನ ಆಚೆಯಿಂದ "ಇಟಲಿಯಮ್ಮ, ಪೇಪರ್ ಬಂತಾ?" ಎನ್ನುವರು. ಹೆಸರಿನ ಬಗ್ಗೆ ಅಷ್ಟೊಂದು ಮಾತಾಡುವ ಮನುಷ್ಯ ಎದುರಿನವರ ಹೆಸರನ್ನು ಎಷ್ಟು ಸಲೀಸಾಗಿ ಕಿತ್ತುಕೊಳ್ಳುತ್ತಾರೆ ಎಂದು ಆಗಲೇ ಸಣ್ಣಗೆ ಅನ್ನಿಸಿತ್ತು.

ಅವರ ಹಜಾರದ ಒಂದು ಗೋಡೆಯ ತುಂಬ ಜಗತ್ತಿನ ಭೂಪಟ. ಒಂದೇ ಹೆಸರಿನ ಊರುಗಳಿಗೆಲ್ಲ ಅದರ ಮೇಲೆ ಗುರುತು. ಸೇಲಂ ತಮಿಳುನಾಡಿನಲ್ಲಿ ಒಂದು, ಅಮೆರಿಕದಲ್ಲಿ ಹಲವು. ಹೈದರಾಬಾದ್ ಇಲ್ಲೊಂದು, ಪಾಕಿಸ್ತಾನದಲ್ಲೊಂದು. ಸ್ಕಾಟ್ಲೆಂಡಿನಲ್ಲಿ ಪಾಟ್ನಾ, ಕೆನಡಾದಲ್ಲಿ ಲಖನೌ ಮತ್ತು ಲಂಡನ್, ಅಮೆರಿಕದಲ್ಲಿ ದೆಹಲಿ, ಮದ್ರಾಸ್. ಏಡನ್ ಬಂದರಿನ ಬಂಡೆಯ ಮೇಲೆ ಶಿರಾ ಎಂಬ ಕೋಟೆ. "ನಮ್ಮ ಶಿರಾದವರಿಗೆ ಇದು ಗೊತ್ತಿದೆಯೇ? ಗೊತ್ತಿಲ್ಲ!" ಎಂದು ತೊಡೆ ತಟ್ಟಿಕೊಳ್ಳುತ್ತಿದ್ದರು, ಶಿರಾದವರೆಲ್ಲ ಆ ಕ್ಷಣದಲ್ಲಿ ಮೊಕದ್ದಮೆ ಸೋತ ಹಾಗೆ. ಕಿರುಬೆರಳಿನ ಉಗುರು ಭೂಪಟದ ಮೇಲೆ ಟಕ್ ಟಕ್ ಎಂದು ಸಮುದ್ರ ದಾಟುತ್ತಿತ್ತು.

ಗುರುತಿಗೆ ಅಂಟಿಸಿದ್ದು ಏನು ಗೊತ್ತೇ? ವಿಮಲಮ್ಮನ ಹಣೆಬೊಟ್ಟಿನ ಸ್ಟಿಕ್ಕರುಗಳು. ಹೊಸ ಊರು ಸಿಕ್ಕಿದಾಗಲೆಲ್ಲ ಕನ್ನಡಿಯ ಹಿಂದಿನ ಹಾಳೆಯಿಂದ ಒಂದು ಬೊಟ್ಟು ಕೀಳುತ್ತಿದ್ದರು. ಒಂದು ದಿನ ವಿಮಲಮ್ಮ ಬರೀ ಹಣೆಯಲ್ಲಿ ಬಂದದ್ದು ಕಂಡು ನಾನು ಗಾಬರಿಯಾಗಿ ಕೇಳಿದರೆ ಅವರು ನಕ್ಕುಬಿಟ್ಟರು.

"ಎಲ್ಲಾ ಅಮೇರಿಕಕ್ಕೆ ವೋಯ್ತು ಕಣವ್ವ. ನನ್ ಹಣೇಗೆ ಉಳೀಲಿಲ್ಲ."

ವಿಮಲಮ್ಮನ ತವರು ಪಾವಗಡದಾಚೆಯ ಒಂದು ಹೊಸಹಳ್ಳಿ. ನಮ್ಮ ಜಿಲ್ಲೆಯಲ್ಲಿ ಹೊಸಹಳ್ಳಿ ಇಲ್ಲದ ತಾಲ್ಲೂಕೇ ಇಲ್ಲ. ಒಂದೇ ಹೆಸರಿನ ಊರು ಎಂದರೆ ಅದಕ್ಕಿಂತ ಬೇಕೆ? ಆದರೆ ಭೂಪಟದ ಆ ಜಾಗ ಖಾಲಿ. ನಾನೊಮ್ಮೆ ತೋರಿಸಿದ್ದಕ್ಕೆ, "ಅವೆಲ್ಲ ಲೆಕ್ಕಕ್ಕೆ ಬರುವುದಿಲ್ಲ ಇಟಲಿಯಮ್ಮ. ಹೊಸಹಳ್ಳಿ ಅನ್ನೋದು ಹೆಸರಲ್ಲ, ಹೆಸರಿಡೋಕೆ ಸೋಮಾರಿತನ" ಎಂದರು. ಹೆಂಡತಿಯನ್ನು ಬಂದವರಿಗೆ ಪರಿಚಯಿಸುವಾಗ "ನಮ್ಮಾಕೆ ಅರ್ಧ ತೆಲುಗಿನವಳು" ಎನ್ನುತ್ತಿದ್ದರು. ಉಳಿದರ್ಧ ಏನೆಂದು ಎಂದೂ ಹೇಳಲಿಲ್ಲ.

ಊರುಗಳದ್ದು ಒಂದು ಕಡೆಯಾದರೆ ಮನುಷ್ಯರದ್ದು ಇನ್ನೊಂದು. ನಿವೃತ್ತಿಯಾದ ಮೇಲೆ ತಮ್ಮದೇ ಹೆಸರಿನವರನ್ನು ಹುಡುಕಿ ಹುಡುಕಿ "ಸಮನಾಮ ಬಳಗ" ಎಂದು ಕಟ್ಟಿಕೊಂಡರು. ಅಧ್ಯಕ್ಷರು ತಾವೇ. ಶಿರಾದ ಒಬ್ಬ ವಕೀಲರು, ಕೊರಟಗೆರೆಯ ರೈಸ್ ಮಿಲ್ಲಿನ ಸಾಹುಕಾರರು, ಪಾವಗಡದ ಒಬ್ಬ ನಿವೃತ್ತ ಹೆಡ್ ಮಾಸ್ಟರು, ಬರಗೂರಿನ ಒಬ್ಬ ದೊಡ್ಡ ರೈತರು. ದೂರದ ಡರ್ಬನ್ನಿನಲ್ಲಿ ಒಬ್ಬ ಹಲ್ಲಿನ ಡಾಕ್ಟರು. ಆತನಿಗೆ ಕನ್ನಡ ಬಾರದು, ಇವರ ಇಂಗ್ಲಿಷು ಆತನಿಗೆ ತಿಳಿಯದು. ಫೋನಿನ ಪರದೆಯಲ್ಲಿ ಇಬ್ಬರೂ ತಮ್ಮ ಹೆಸರನ್ನು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು. ಹೇಳಿ ಮುಗಿದ ಮೇಲೆ ಮತ್ತೆ ಹೇಳಿಕೊಳ್ಳುತ್ತಿದ್ದರು.

"ಹೆಸರಿನ ನಂಟು ರಕ್ತದ ನಂಟಿಗಿಂತ ದೊಡ್ಡದು" ಎನ್ನುವುದು ಅವರ ಸಿದ್ಧಾಂತ. "ರಕ್ತ ಎಲ್ಲರದ್ದೂ ಕೆಂಪು. ಅದರಲ್ಲಿ ಏನು ಬರೆದಿದೆ, ತೋರಿಸಿ?" ರಕ್ತದಲ್ಲಿ ಬರೆದಿರುವುದನ್ನು ಡಾಕ್ಟರುಗಳು ಓದುತ್ತಾರೆ ಎಂದು ಯಾರೂ ಹೇಳಲಿಲ್ಲ. ಸಿದ್ಧಾಂತಕ್ಕೆ ತಕ್ಕ ಹಾಗೆ ನಡೆದುಕೊಂಡರು, ಅದನ್ನೂ ಹೇಳಬೇಕು. ಕೊರಟಗೆರೆಯ ಸಾಹುಕಾರರ ಮಗಳ ಮದುವೆಗೆ ಮುನ್ನಾದಿನವೇ ಹೋಗಿ ಪಂಕ್ತಿಯಲ್ಲಿ ನಿಂತು ತುಪ್ಪ ಬಡಿಸಿ ಬಂದರು. ಅದೇ ಬೇಸಿಗೆಯಲ್ಲಿ ವಿಮಲಮ್ಮನ ಅಣ್ಣನ ಮಗಳ ಮದುವೆಯಿತ್ತು. ಪಾವಗಡದ ಬಿಸಿಲು ತಮಗೆ ಆಗಿಬರುವುದಿಲ್ಲ ಎಂದು ಹೆಂಡತಿಯೊಬ್ಬಳನ್ನೇ ಬಸ್ಸು ಹತ್ತಿಸಿದರು.

ಬಳಗದ ಸಭೆ ವರ್ಷಕ್ಕೊಮ್ಮೆ ಅವರ ಹಜಾರದಲ್ಲಿ. ವಿಮಲಮ್ಮ ಬೆಳಗಿನ ಜಾವದಿಂದ ಉದ್ದಿನ ಹಿಟ್ಟು ರುಬ್ಬುತ್ತಿದ್ದರು. ನಾನು ಕಾಯಿ ತುರಿದುಕೊಡಲು ಹೋಗುತ್ತಿದ್ದೆ. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ಪದ್ಧತಿ ಅವರಲ್ಲಿಲ್ಲ; ಹಜಾರದಲ್ಲಿ ಕೂತವರೆಲ್ಲ ಗಂಡನ ಹೆಸರಿನವರೇ. ಅಡಿಗೆಮನೆಯಿಂದ ಅವರು ಮೆಲ್ಲಗೆ, "ಶಿರಾಕ್ಕೆ ಸಕ್ರೆ ಬ್ಯಾಡ್ವಂತೆ ಕಣವ್ವ. ಕೊರಟಗೆರೆಗೆ ಇನ್ನೆಲ್ಡು ವಡೆ ಇಕ್ಕು. ಬರಗೂರು ಆಗ್ಲೇ ಕೈ ತೊಳ್ಕಂಡೈತೆ" ಎನ್ನುತ್ತಿದ್ದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ತಿಂದವರು ಯಾರೂ ಒಳಗೆ ಇಣುಕಿ ವಡೆ ಮಾಡಿದವರು ಯಾರು ಎಂದು ಕೇಳಿದ್ದನ್ನು ನಾನು ಕಾಣೆ.

ನಮ್ಮ ಬೀದಿಯ ತುದಿಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು ಇಸ್ತ್ರಿ ಮಾಡುವವನ ಹೆಸರೂ ಅದೇ. ಒಂದು ವರ್ಷ ಅಧ್ಯಕ್ಷರನ್ನು ಕೇಳಿದೆ, "ಅಂಕಲ್, ಇಷ್ಟು ಹತ್ತಿರ ಇದ್ದಾನಲ್ಲ, ಅವನನ್ನು ಕರೆಯಲಿಲ್ವಾ?"

"ಹೆಸರು ಇಟ್ಟುಕೊಳ್ಳೋದು ಬೇರೆ ಇಟಲಿಯಮ್ಮ, ಹೆಸರಿಗೆ ತಕ್ಕವರಾಗೋದು ಬೇರೆ" ಎಂದರು, ಕಾಲರ್ ಸರಿಮಾಡಿಕೊಳ್ಳುತ್ತ.

ಸಂಜೆ ಬಟ್ಟೆ ಕೊಡಲು ಹೋದಾಗ ಇಸ್ತ್ರಿಯವನ ಮುಂದೆ ಆ ಸಭೆಯ ಮಾತು ಬಂತು. ಅವನು ಪೆಟ್ಟಿಗೆಯ ಕೆಂಡ ಊದುತ್ತ ನಕ್ಕ.

"ಅವ್ರು ಸಭೆಗೆ ಆಕ್ಕಂಡ್ ಕೂತಿದ್ರಲ್ಲಕ್ಕ ಅಂಗಿ, ಅದು ನಂದೇ ಇಸ್ತ್ರಿ. ನನ್ ಹೆಸ್ರೂ ಒಳಗೆ ಕೂತೈತೆ, ನನ್ ಕೆಲ್ಸನೂ ಒಳಗೆ ಕೂತೈತೆ. ನಾನೊಬ್ನೇ ಹೊರ್ಗಡೆ. ಇರ್ಲಿ ಬುಡಕ್ಕ, ವಡೆ ತಿಂದ್ರೆ ನಂಗೆ ಎದೆ ಉರಿ."

ಇಷ್ಟೇ ಆಗಿದ್ದರೆ ಅವರನ್ನು ಒಣ ಜಂಬದ ಮನುಷ್ಯ ಎಂದು ನಕ್ಕು ಸುಮ್ಮನಾಗುತ್ತಿದ್ದೆ. ಬೀದಿಗೊಬ್ಬರು ಅಂಥವರು ಇರುತ್ತಾರೆ.

ಒಂದು ಅವರೆಕಾಯಿ ಕಾಲದಲ್ಲಿ, ಅವರ ಮನೆಯ ಹಿತ್ತಲಿನ ಕಟ್ಟೆಯ ಮೇಲೆ ನಾನೂ ವಿಮಲಮ್ಮನೂ ಕೂತು ನೆನೆಸಿದ ಕಾಳು ಹಿತುಕುತ್ತಿದ್ದೆವು. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಬೆರಳಿಗೆ ಅಂಟಿಕೊಳ್ಳುತ್ತದೆ. ಮಾತಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ನಾನು ನನ್ನ ಶಾಲೆಯ ಕಥೆ ಹೇಳುತ್ತಿದ್ದೆ. ನಮ್ಮ ಕ್ಲಾಸಿನಲ್ಲಿ ಮೂರು ಜನ ಮೀರಾ ಇದ್ದೆವು. ಸಿಸ್ಟರ್ ಮೀರಾ ಕೆ., ಮೀರಾ ಎಸ್., ಮೀರಾ ಎಂ. ಎಂದು ಹಾಜರಿ ಕರೆಯುತ್ತಿದ್ದರು, ನಾವು ಒಬ್ಬರ ಹಾಜರಿಯನ್ನು ಇನ್ನೊಬ್ಬರು ಹೇಳಿ ಏಟು ತಿನ್ನುತ್ತಿದ್ದೆವು, ಹೀಗೆ ಏನೋ.

ವಿಮಲಮ್ಮನ ಬೆರಳು ನಿಂತಿತು.

"ಮೂರು ಜನಾನೂ ಇಟ್ಕಂಡಿದ್ರಾ?"

"ಏನನ್ನ ಆಂಟಿ?"

"ಹೆಸ್ರು ಕಣವ್ವ."

ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು. "ನಾನು ವಿಮಲ ಅಲ್ಲ ಕಣವ್ವ. ಗಂಗಿ."

ಅವರ ಅತ್ತೆಯ ಹೆಸರೂ ಗಂಗಮ್ಮ. ಜಯಮ್ಮನೂ ನಾನೂ ಈ ಬೀದಿಗೆ ಬರುವ ಎಷ್ಟೋ ಮೊದಲೇ ಆ ಅತ್ತೆ ತೀರಿಕೊಂಡಿದ್ದರು; ನಾವು ಯಾರೂ ಆ ಹೆಸರನ್ನೇ ಕೇಳಿರಲಿಲ್ಲ. ಸೊಸೆಗೂ ಅತ್ತೆಗೂ ಒಂದೇ ಹೆಸರಾದರೆ ಸೊಸೆಯದ್ದನ್ನು ಬದಲಿಸುವುದು ನಮ್ಮ ಕಡೆ ಹಿಂದಿನಿಂದ ಇದ್ದದ್ದೇ. ನನ್ನ ಅಜ್ಜಿಯ ಕಾಲದ ಕಥೆಗಳಲ್ಲಿ ಕೇಳಿದ್ದೆ. ಅಂಥದ್ದೊಂದು ಕಥೆ ಪಕ್ಕದ ಮನೆಯಲ್ಲೇ ಬಟ್ಟಲು ಹಿಡಿದು ಕೂತಿರುತ್ತದೆ ಎಂದು ತಿಳಿದಿರಲಿಲ್ಲ.

"ಧಾರೆ ಆಯ್ತು. ತಟ್ಟೇಲಿ ಅಕ್ಕಿ ಹರವಿ ನನ್ ಮುಂದೆ ಇಕ್ಕುದ್ರು. ಇವ್ರು ಉಂಗುರ ತಕ್ಕಂಡು ಅದ್ರಾಗೆ ನನ್ ಹೆಸ್ರು ಬರೆಯಾಕೆ ಸುರು ಮಾಡುದ್ರು. ನಂಗೂ ಓದಾಕ್ ಬರ್ತಿತ್ತು. ಗ ಬರೀಬೇಕಲ್ಲ, ಇದೇನು ವಿ ಬರೀತಾವ್ರೆ, ಪಾಪ ಓದಿದೋರು, ಗಾಬ್ರೀಲಿ ತೆಪ್ಪು ಮಾಡ್ತಾವ್ರೆ ಅನ್ಕಂಡೆ. ಮೆಲ್ಲಕೆ ಹೇಳೋಣ ಅಂತ ತಲೆ ಎತ್ತುದ್ರೆ ನಮ್ಮತ್ತೆ ಕಣ್ಣು ಬುಟ್ರು."

"ನೀವು ಕೇಳಲಿಲ್ವಾ, ಯಾಕೆ ಅಂತ?"

"ನಮ್ಮವ್ವ ಕೇಳುದ್ಲು. ಅದ್ಕೆ ನಮ್ಮತ್ತೆ, ಗಂಡ ಅಂದ್ಮೇಲೆ ಹೆಂಡ್ತೀನ ಬೈತಾನೆ, ಲೇ ಗಂಗೀ ಅಂತ ಬೈದ್ರೆ ಹೆತ್ತವ್ವಂಗೇ ಬೈದಂಗಾಗಾಕಿಲ್ವಾ, ಅಂದ್ರು. ಎಲ್ರೂ ಅದೂ ಸರಿ ಅಂತ ಪಾಯಸ ಉಂಡ್ರು."

ಬೈಯುವುದಂತೂ ಖಾತ್ರಿಯಾಗಿತ್ತು ಎಂದಾಯಿತು. ಯಾವ ಹೆಸರಿನಲ್ಲಿ ಬೈಯುವುದು ಎನ್ನುವುದಷ್ಟೇ ಮದುವೆಯ ಚಪ್ಪರದಲ್ಲಿ ತೀರ್ಮಾನವಾದದ್ದು.

ಅವರಿಗೆ ಒಬ್ಬನೇ ಅಣ್ಣ. ಮದುವೆಯಾದ ಮೊದಲ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಹೊತ್ತು ತಂದವನು ಗೇಟಿನಲ್ಲಿ ನಿಂತು ಊರಲ್ಲಿ ಕರೆಯುವ ಹಾಗೇ "ಗಂಗೀ" ಎಂದು ಕೂಗಿದನಂತೆ. ಒಳಗಿನಿಂದ ಬಂದದ್ದು ತಂಗಿಯಲ್ಲ, ತಂಗಿಯ ಗಂಡ. "ಬೀದಿಯಲ್ಲಿ ನಿಂತು ನಮ್ಮ ತಾಯಿಯವರ ಹೆಸರು ಹಿಡಿದು ಕೂಗೋದು ಯಾವ ಊರಿನ ಪದ್ಧತಿ? ಆಂಧ್ರದ್ದೋ?" ಎಂದು ಬೀದಿಗೆ ಕೇಳುವ ಹಾಗೆ ವಿಚಾರಣೆ ನಡೆಸಿದರಂತೆ.

"ನಮ್ಮಣ್ಣಂಗೆ ವಿಮಲ ಅನ್ನಾಕೆ ನಾಲ್ಗೆ ತಿರ್ಗಲ್ಲ. ಹೆಗಲ ಮ್ಯಾಲೆ ಹೊತ್ಕಂಡು ತಿರ್ಗಿದ ತಂಗೀನ ಯಾರ್ದೋ ಹೆಸ್ರಲ್ಲಿ ಹೆಂಗ್ ಕರೀಲಿ ಅಂತಾನೆ. ಅದ್ಕೆ ಅವತ್ನಿಂದ ಗೇಟ್ ತಾವ ನಿಂತ್ಕಂಡು ಕೆಮ್ತಾನೆ. ಕೆಮ್ಮು ಕೇಳುದ್ರೆ ಅಣ್ಣ ಬಂದ ಅಂತ ನಾನು ವೋಗ್ತೀನಿ. ಈಗ ಅವ್ನ ಕೆಮ್ಮೇ ನನ್ ಹೆಸ್ರು ಕಣವ್ವ."

ಹೇಳುತ್ತ ನಗುತ್ತಿದ್ದರು. ಬೆರಳು ಮತ್ತೆ ಕಾಳು ಹಿತುಕಲು ಶುರುಮಾಡಿತ್ತು.

ಅತ್ತೆ ಹೋದ ಮೇಲೆ ಅವರು ಗಂಡನನ್ನು ಒಂದು ಸಲ ಕೇಳಿದ್ದರಂತೆ, ಇನ್ನಾದರೂ ಹಳೆಯ ಹೆಸರಲ್ಲಿ ಕರೆಯಬಹುದಲ್ಲ ಎಂದು. "ಇದ್ದಾಗ ತಾಯಿ, ಈಗ ದೇವರು. ದೇವರ ಹೆಸರಿನಲ್ಲಿ ನಿನ್ನನ್ನು ಬೈಯಲೇ?" ಎಂಬ ಉತ್ತರ ಬಂದಿತ್ತು.

"ನಾನು ಕರೀಲಾ ಆಂಟಿ? ಗಂಗಮ್ಮ ಅಂತ?" ಎಂದೆ.

ಅವರು ತಲೆಯಲ್ಲಾಡಿಸಿದರು. "ಬ್ಯಾಡ ಕಣವ್ವ. ನೀನು ಕರದ್ರೆ ಅಮ್ಮ ಸೇರ್ಸಿ ಮರ್ವಾದೆಯಾಗಿ ಕರೀತೀಯ. ಅದು ನಮ್ಮತ್ತೆ ಹೆಸ್ರು. ನನ್ದು ಗಂಗಿ. ಅದ್ನ ಕರಿಯಾಕೆ ನನ್ನಿಂದ ದೊಡ್ಡೋರು ಬೇಕು. ಅವ್ವ ಅಪ್ಪ ವೋದ್ರು. ಉಳ್ದಿರೋನು ನಮ್ಮಣ್ಣ ಒಬ್ಬ. ಅವ್ನು ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ಕರದ್ಬುಟ್ರೆ ಸಾಕು."

ಮಾರನೆಯ ದಿನ ಹಿತುಕಿದ ಬೇಳೆ ಸಾರು ಒಂದು ಬಟ್ಟಲು ತೆಗೆದುಕೊಂಡು ಹೋದೆ. ಅಧ್ಯಕ್ಷರು ಆಸ್ಟ್ರೇಲಿಯದ ಮೇಲೆ ಬೊಟ್ಟು ಅಂಟಿಸುತ್ತಿದ್ದರು. ನನಗೆ ಜೋರಾಗಿ ಮಾತಾಡಲು ಬರುವುದಿಲ್ಲ. ಮೆತ್ತಗೇ ಕೇಳಿದೆ.

"ಅಂಕಲ್, ಒಂದೇ ಹೆಸರಿನವರು ನಂಟರು ಅಂತೀರಿ. ಈ ಮನೆಯಲ್ಲೇ ಒಂದೇ ಹೆಸರಿನವರು ಇಬ್ಬರಿದ್ದರಂತಲ್ಲ?"

ಅವರು ತಿರುಗಲಿಲ್ಲ. ಉಗುರಿನಿಂದ ಬೊಟ್ಟನ್ನು ಒತ್ತುತ್ತಲೇ ಹೇಳಿದರು. "ಗಂಡಸಿನ ಹೆಸರು ಊರಿದ್ದ ಹಾಗೆ, ಇದ್ದಲ್ಲೇ ಇರುತ್ತೆ. ಹೆಂಗಸಿನ ಹೆಸರು ಬಾಡಿಗೆ ಮನೆ. ಖಾಲಿ ಮಾಡಿ ಬಂದ ಮೇಲೆ ಬೀಗದ ಕೈ ಕೇಳಬಾರದು." ಆಮೇಲೆ ಬಟ್ಟಲನ್ನು ಮೂಗಿನ ಹತ್ತಿರ ತಂದು, "ಸೊಗಡು ಕಡಿಮೆ" ಎಂದರು.

ಆ ದಿನದಿಂದ ಆತನ ಬಗ್ಗೆ ನನಗೆ ಉಳಿದದ್ದು ಕೋಪವಲ್ಲ. ಕೋಪ ಬರಬೇಕಾದರೆ ಎದುರಿನವರು ಸ್ವಲ್ಪವಾದರೂ ದೊಡ್ಡವರು ಅನ್ನಿಸಬೇಕು. ಹಪ್ಪಳ ಒಣಹಾಕುವಾಗ ಅವರು ತಲೆಯೆತ್ತಿ ಹೋಗುವುದು ಕಂಡರೆ, ಇಷ್ಟು ದೊಡ್ಡ ಜಗತ್ತನ್ನು ಗೋಡೆಗೆ ಹೊಡೆದುಕೊಂಡು ಇಷ್ಟು ಸಣ್ಣಗೆ ಬದುಕಲು ಎಷ್ಟು ಶ್ರಮಪಟ್ಟಿರಬೇಕು ಎನ್ನಿಸುತ್ತಿತ್ತು.

ಜಯಮ್ಮ ಸುದ್ದಿ ಹೇಳಿ ಹೋದ ಮೇಲೆ ನಾನು ಒಲೆ ಆರಿಸಿ ಆ ಮನೆಗೆ ಹೋದೆ. ಹಜಾರದಲ್ಲಿ ಅವರನ್ನು ಕುರ್ಚಿಯ ಮೇಲೆ ಕೂರಿಸಿ, ಬಿಳಿ ಪಂಚೆಯಲ್ಲಿ ಕಟ್ಟಿ, ಹಣೆಗೆ ವಿಭೂತಿ ಬಳಿದಿದ್ದರು. ಬೆನ್ನ ಹಿಂದೆ ಭೂಪಟ. ಅವರಿಗೆ ಮಕ್ಕಳಿಲ್ಲ; ತಮ್ಮನ ಮಗ ಮೊಬೈಲು ಹಿಡಿದು ಬಳಗದವರಿಗೆ ಸುದ್ದಿ ಮುಟ್ಟಿಸುತ್ತಿದ್ದ. ವಿಮಲಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ಕೂತಿದ್ದರು. ಕಣ್ಣು ಒಣಗಿತ್ತು. ನನ್ನ ಕೈ ಹಿಡಿದು, "ಮೀರವ್ವ, ನಮ್ಮಣ್ಣಂಗೊಂದು ಫೋನ್ ಹಾಕು" ಎಂದರು.

ಹಾಕಿದೆ. ಆ ಕಡೆ ಮುದಿ ದನಿ. ನಾನು ವಿಷಯ ಹೇಳಿದೆ. "ಅಯ್ಯೋ ದೇವುಡಾ... ಬತ್ತೀನಿ ತಾಯಿ. ಪಾವಗಡಕ್ಕೆ ಬಂದು ಬಸ್ ಹಿಡೀಬೇಕು. ನಮ್ಮುಡ್ಗಿ ಹೆಂಗವ್ಳೆ?" ಎಂದರು. ನಾನು ಫೋನನ್ನು ವಿಮಲಮ್ಮನ ಕಿವಿಗಿಟ್ಟೆ.

"ಅಣ್ಣಾ" ಎಂದರು.

ಆ ಕಡೆಯಿಂದ ಕೆಮ್ಮು ಕೇಳಿಸಿತು. ಒಂದು ಸಲ, ಮತ್ತೊಂದು ಸಲ. ವಿಮಲಮ್ಮ ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕಾದರು. ಕೆಮ್ಮು ಬಿಟ್ಟು ಬೇರೇನೂ ಬರಲಿಲ್ಲ. "ಬಾರಣ್ಣ, ಹುಷಾರಾಗಿ ಬಾ" ಎಂದು ನನಗೆ ಫೋನು ಕೊಟ್ಟರು.

"ಇವತ್ತೂ ಗೇಟ್ ತಾವ ಕೆಮ್ತಾನೇನೋ ಕಣವ್ವ. ಅವ್ನಿಗೆ ಅದೇ ಅಭ್ಯಾಸ ಆಗೋಗೈತೆ. ಇನ್ನು ಬೈಯೋರಿಲ್ಲ ಅಂತ ಅವ್ನಿಗೆ ಹೆಂಗ್ ಹೇಳದು? ನಾನೇ ಬಾಯ್ಬುಟ್ಟು ಕರಿ ಅಂದ್ರೆ ಏನ್ ಚೆಂದ? ಅವ್ನೂ ವೋದ್ರೆ ಗಂಗಿ ಅನ್ನೋಳು ಒಬ್ಳು ಇದ್ಲು ಅಂತ ಹೇಳಾಕೂ ಯಾರೂ ಇರಾಕಿಲ್ಲ."

ಅದಾದ ಮೇಲೆ ಅವರು ಹೊಸ್ತಿಲಿನಿಂದ ಏಳಲಿಲ್ಲ. ಅಲ್ಲಿಂದ ಗೇಟು ಕಾಣಿಸುತ್ತಿತ್ತು.

ಹೊತ್ತೇರುವಷ್ಟರಲ್ಲಿ ಬಳಗ ನೆರೆಯಿತು. ಶಿರಾದಿಂದ ವಕೀಲರು ಮಲ್ಲಿಗೆ, ಸೇವಂತಿಗೆ ಸೇರಿಸಿದ ಆಳುದ್ದದ ಹಾರ ತಂದರು. ಕೊರಟಗೆರೆಯ ಸಾಹುಕಾರರು ಅದಕ್ಕಿಂತ ಉದ್ದದ್ದು ತಂದರು. ಒಬ್ಬೊಬ್ಬರೂ ಹಾರ ಹಾಕಿ, ಫೋಟೋ ತೆಗೆಸಿಕೊಂಡು, "ನಾನೇ ಹೋದ ಹಾಗಾಯಿತು" ಎಂದರು. ಹಾಗೆಂದವರಲ್ಲಿ ಯಾರೂ ಹೋದವರ ಹಾಗೆ ಕಾಣಲಿಲ್ಲ. ಬಿಸಿಲು ಏರಿದ ಮೇಲೆ ಶಾಮಿಯಾನದ ನೆರಳಿನಲ್ಲಿ ಕುರ್ಚಿ ಎಳೆದುಕೊಂಡು, ಮುಂದಿನ ಅಧ್ಯಕ್ಷರು ಯಾರಾಗಬೇಕು ಎಂದು ಮಾತಿಗೆ ತೊಡಗಿದರು. ಶಿರಾದವರೇ ಆಗಬೇಕು ಎಂದು ವಕೀಲರು, ವಯಸ್ಸಿಗೆ ಬೆಲೆ ಕೊಡಬೇಕು ಎಂದು ಹೆಡ್ ಮಾಸ್ಟರು. ಒಂದೇ ಹೆಸರಿನವರು ಜಗಳವಾಡುವುದನ್ನು ಕೇಳುವುದು ವಿಚಿತ್ರ. ಯಾರು ಯಾರನ್ನು ಬೈಯುತ್ತಿದ್ದಾರೆಂದು ಬೀದಿಗೆ ತಿಳಿಯುವುದಿಲ್ಲ.

ವಕೀಲರು ಸಂತಾಪ ಸೂಚನೆ ಬರೆಯಲು ಕೂತರು. ಬರೆಯುತ್ತ ಬರೆಯುತ್ತ ನಿಂತು, ಅಡಿಗೆಮನೆಯ ಕಡೆ ಬಂದರು.

"ತಾಯಿ, ತಮ್ಮ ಹೆಸರು ಏನಂತ ಬರ್ಕೊಳ್ಳಲಿ?"

ಇಷ್ಟು ವರ್ಷ ಆ ಕೈಯ ವಡೆ ತಿಂದವರು. ವಿಮಲಮ್ಮ ನನ್ನ ಮುಖ ನೋಡಿದರು, ಮತ್ತೆ ಗೇಟಿನ ಕಡೆ ನೋಡಿದರು. ಗೇಟಿನಲ್ಲಿ ಯಾರೂ ಇರಲಿಲ್ಲ.

"ಅವ್ರ ಹೆಂಡ್ತಿ ಅಂತ ಬರ್ಕಳಿ ಸ್ವಾಮಿ. ಹೆಸ್ರು ಬ್ಯಾಡ" ಎಂದರು.

ಮಧ್ಯಾಹ್ನ ಕಳೆದ ಮೇಲೆ ಅಧ್ಯಕ್ಷರನ್ನು ಊರಾಚೆಯ ಹೊಲಕ್ಕೆ ಮಣ್ಣಿಗೆ ಒಯ್ದರು. ಪಾವಗಡದ ಬಸ್ಸುಗಳು ಬಂದವು, ಹೋದವು, ಅಣ್ಣ ಬರಲಿಲ್ಲ. ಬಸ್ಸು ಕೆಟ್ಟಿತೋ, ಮುದುಕರಿಗೆ ದಾರಿಯಲ್ಲಿ ಏನಾಯಿತೋ ಎಂದು ಫೋನು ಮಾಡಿದರೆ ಎತ್ತುವವರಿಲ್ಲ. ಹೆಂಗಸರು ಮನೆ ತೊಳೆದರು. ನಾನು ವಿಮಲಮ್ಮನಿಗೆ ತಲೆಗೆ ನೀರು ಹಾಕಿಸಿ, ಒಂದು ಲೋಟ ಗಂಜಿ ಕುಡಿಸಿ, ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತೆಂದು ಮನೆಗೆ ಬಂದೆ. ನಾನು ಬರುವಾಗಲೂ ಅವರು ಅದೇ ಹೊಸ್ತಿಲಲ್ಲಿ ಕೂತಿದ್ದರು.

ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಮಕ್ಕಳಿಗೆ ಉಪ್ಪಿಟ್ಟು ಮಾಡಿಕೊಟ್ಟು, ಒದ್ದೆ ಬಟ್ಟೆ ಹರವಲು ಹೊರಗೆ ಬಂದಾಗ ಮುಸ್ಸಂಜೆ ಕಳೆದಿತ್ತು. ಬೀದಿ ದೀಪ ಇನ್ನೂ ಹತ್ತಿರಲಿಲ್ಲ. ಜಯಮ್ಮ ಅಂಗಡಿಯಿಂದ ಬರುತ್ತಿದ್ದವರು ನಮ್ಮ ಗೇಟಿನ ಹತ್ತಿರ ನಿಂತು, ಕೊತ್ತಂಬರಿ ಕಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು.

"ಅಲ್ಲ ಮೀರಮ್ಮಾ, ಮಣ್ ಮಾಡಿ ಇನ್ನೂ ಕೈ ಒಣಗಿಲ್ಲ, ಆಗ್ಲೇ ಕೆಲ್ಸಕ್ಕೆ ಯಾವ್ಳೋ ಹೊಸಬಳ್ನ ಕರ್ಸ್ಕಂಡವ್ರೆ ನೋಡು. ಯಾರೋ ಮುದುಕ್ರು ಗೇಟ್ ತಾವ ನಿಂತ್ಕಂಡು, ಗಂಗೀ, ಅಂತ ಒಂದ್ ಕೂಗು ಹಾಕುದ್ರಮ್ಮ, ಒಳಗಿಂದ ಬಂದೇ ಬಂದೇ ಅಂತ ಓಡ್ಬಂದ್ಲು. ಕತ್ಲಾಗೆ ಮುಖ ಕಾಣ್ಲಿಲ್ಲ. ದನಿ ಕೇಳುದ್ರೆ ಇನ್ನೂ ಎಳೇ ಹುಡ್ಗಿ ಕಣಮ್ಮ."